ಸೆನ್ಸರ್ಸ್ ಕಮಾಂಡಿನಾಗ ಸಿಪಿಯು ಬಿಸಿ ಮಾತ್ರ ಬರ್ತದ, ಫ್ಯಾನ್ ಆರ್‌ಪಿಎಂ ಇಲ್ಲ

ಪ್ರಶ್ನೆ (ಕಲಬುರಗಿ)

ಉಬುಂಟು 24.04, ರೈಜನ್ ಸಿಪಿಯು, ಬೋರ್ಡಿನ ಮ್ಯಾಲೆ ಬಿಸಿ, ಫ್ಯಾನ್ ವೇಗ, ವೋಲ್ಟೇಜ್ ಅಳೆಯೋ ನುವೋಟಾನ್ ಎನ್‌ಸಿಟಿ6798ಡಿ ಚಿಪ್ ಅದ. ಸೆನ್ಸರ್ಸ್ ಅಂತ ಹೊಡೆದ್ರ ಕೆ10ಟೆಂಪ್ ಡ್ರೈವರಿನ ಟಿಸಿಟಿಎಲ್ (ಸಿಪಿಯು ಬಿಸಿ) ಒಂದೇ ಬರ್ತದ. ಸೆನ್ಸರ್ಸ್-ಡಿಟೆಕ್ಟ್ ಚಿಪ್ ಗುರುತಿಸಿ ಎನ್‌ಸಿಟಿ6775 ಅನ್ನೋ ಡ್ರೈವರ್ ಮಾಡ್ಯೂಲ್ ಹಾಕು ಅಂತದ. ಅದನ್ನ ಲೋಡ್ ಮಾಡಲಿಕ್ಕೆ ಮಾಡ್‌ಪ್ರೋಬ್ ಕೊಟ್ರ ಎರರ್ ಇಲ್ಲ, ಲೋಡ್ ಆದವುಗಳ ಪಟ್ಟಿ ತೋರಿಸೋ ಎಲ್‌ಎಸ್‌ಮಾಡ್‌ನಾಗ ಮಾಡ್ಯೂಲ್ ಕಾಣ್ತದ, ಆದ್ರ ಒಂದು ಅಂಕಿನೂ ಬರಂಗಿಲ್ಲ. ಮಶೀನು ನೆಹರೂ ಗಂಜಿನ ತೊಗರಿ ಅಂಗಡ್ಯಾಗ ಅದ, ಎಸಿ ಇಲ್ಲ, ಮೇ ಮಧ್ಯಾಹ್ನ ಖೋಲಿ 42 ಡಿಗ್ರಿ ಮುಟ್ಟತದ. ಫ್ಯಾನ್ ನಿಂತ್ರ ಎಸ್‌ಎಸ್‌ಎಚ್‌ನಾಗ (ದೂರದಿಂದ ಲಾಗಿನ್ ಆಗಿ) ಗೊತ್ತಾಗಬೇಕು. ಫ್ಯಾನ್ ವೇಗ ಬದಲಿಸೋ ಫ್ಯಾನ್‌ಕಂಟ್ರೋಲ್ ಪ್ರೋಗ್ರಾಂ ಹಾಕೋ ವಿಚಾರನೂ ಅದ.

ಉತ್ತರ (ಬೀದರ್)

ಮೊದಲು ಸುಡೊ ಹಾಕಿ ಡಿಮೆಸೇಜ್ (ಕರ್ನಲ್ಲಿನ ಸಂದೇಶಗಳ ಪಟ್ಟಿ) ತೆಗೀರಿ, ಅದರಾಗ ಎನ್‌ಸಿಟಿ6775 ಹುಡುಕ್ರಿ. ಚಿಪ್ ಸಿಕ್ಕಿತು ಅನ್ನೋ ಸಾಲಿನ ಬೆನ್ನಿಗೇ ಸಿಸ್ಟಮ್‌ಐಒ ರೇಂಜ್ 295-296 ಎಸಿಪಿಐ ಆಪ್‌ರೀಜನ್ (ಬಯೋಸಿನ ಕೋಡ್ ತನಗಂತ ಇಟ್ಕೊಂಡ ಜಾಗ) ಜೋಡಿ ಕಾನ್‌ಫ್ಲಿಕ್ಟ್ ಅಂತ ಇದ್ದರ ಡ್ರೈವರ್ ಸರಿ ಅದ, ತಡೆದಿದ್ದು ಕರ್ನಲ್ಲು.

ಯಾಕಂದ್ರ ಆ ಎರಡು ಪೋರ್ಟಿನಾಗ ಒಂದು ವಿಳಾಸದ್ದು, ಒಂದು ಡೇಟಾದ್ದು. 295ಕ್ಕ ರಿಜಿಸ್ಟರ್ (ಚಿಪ್ಪಿನೊಳಗಿನ ಅಂಕಿ ಖಾನೆ) ನಂಬರ್ ಬರೆದು 296ರಿಂದ ಓದಬೇಕು. ಅದಕ್ಕೂ ಮೊದಲು 4ಇ ರಿಜಿಸ್ಟರಿನಾಗ ಬ್ಯಾಂಕ್ (ರಿಜಿಸ್ಟರ್ ಗುಂಪು) ಆರಿಸಬೇಕು. ಬಯೋಸಿನ ಎಸಿಪಿಐ ಕೋಡೂ ಇದೇ ಪೋರ್ಟ್ ಮುಟ್ಟಿದರ, ಡ್ರೈವರ್ ವಿಳಾಸ ಬರೆದು ಓದೋದರಾಗ ಅದು ಬ್ಯಾರೆ ವಿಳಾಸ ಬರೆದಿರತದ. ಇಬ್ಬರ ನಡುವ ಬೀಗ ಇಲ್ಲ. ಓದುವಾಗ ಹಿಂಗಾದ್ರ ತಪ್ಪು ಅಂಕಿ, ಬರೆಯುವಾಗ ಆದ್ರ ಬ್ಯಾರೆ ರಿಜಿಸ್ಟರೇ ಕೆಡತದ.

ಏಸಸ್‌ನ ಬಹಳಷ್ಟು ಬೋರ್ಡಿಗೆ ಈ ಡ್ರೈವರ್ ಡಬ್ಲ್ಯುಎಂಐ ದಾರಿಯಿಂದ, ಅಂದ್ರ ಬಯೋಸಿನ ಕೋಡಿಗೇ ಕೇಳಿ, ಓದತದ, ಆಗ ಜಗಳವೇ ಇರಂಗಿಲ್ಲ. ಆದ್ರ ಬೋರ್ಡಿನ ಹೆಸರು ಡ್ರೈವರಿನ ಪಟ್ಟ್ಯಾಗ ಇರಬೇಕು, ಹಂಗಾಗಿ ಹೊಸ ಕರ್ನಲ್ ಒಮ್ಮೆ ಹಾಕಿ ನೋಡ್ರಿ. ಆಗಲಿಲ್ಲಂದ್ರ ಬೂಟ್ ಆಯ್ಕೆ ಇರೋ ಗ್ರಬ್ ಫೈಲಿನ ಗ್ರಬ್_ಸಿಎಂಡಿಲೈನ್_ಲಿನಕ್ಸ್_ಡಿಫಾಲ್ಟ್ ಸಾಲಿಗೆ ಎಸಿಪಿಐ_ಎನ್‌ಫೋರ್ಸ್_ರಿಸೋರ್ಸಸ್=ಲ್ಯಾಕ್ಸ್ (ಕಾನ್‌ಫ್ಲಿಕ್ಟ್ ಇದ್ದರೂ ಡ್ರೈವರನ್ನ ತಡೀಬ್ಯಾಡ ಅಂತ) ಸೇರಿಸಿ, ಅಪ್‌ಡೇಟ್-ಗ್ರಬ್ ಕೊಟ್ಟು ರೀಬೂಟ್. ಇದು ಎಲ್ಲಾ ಡ್ರೈವರಿಗೂ ತಾಗತದ, ನೆನಪಿರ್ಲಿ. ಐಟಿಇ ಚಿಪ್ ಇದ್ದವರಿಗೆ ಐಟಿ87ಕ್ಕ ಮಾತ್ರ ಇಗ್ನೋರ್_ರಿಸೋರ್ಸ್_ಕಾನ್‌ಫ್ಲಿಕ್ಟ್=1 ಕೊಡೋ ಸೌಲಭ್ಯ ಅದ; ಎನ್‌ಸಿಟಿ6775ಕ್ಕ ಅದಿಲ್ಲ. ಫೋರ್ಸ್_ಐಡಿ ಕೊಡಬ್ಯಾಡ್ರಿ, ಅದು ಚಿಪ್ಪಿನ ಗುರುತು ಸಿಗದಾಗಿನ ಮಾತು.

ಪ್ರಶ್ನೆ ಕೇಳಿದವರು

ಹೌದ್ರಿ, ಅದೇ ಸಾಲು ಇತ್ತು. ಲ್ಯಾಕ್ಸ್ ಹಾಕಿದ ಮ್ಯಾಲೆ ಫ್ಯಾನ್2 ಆರ್‌ಪಿಎಂ 1180 ಬಂತು. ಆದ್ರ ಆಕ್ಸ್‌ಟಿಐಎನ್ (ಹೆಚ್ಚುವರಿ ಬಿಸಿ ಅಳೆಯೋ ಪಿನ್) ಒಂದು 127 ಡಿಗ್ರಿ ಅಂತದ, 12 ವೋಲ್ಟಿನ ಲೈನ್ ಎಲ್ಲೂ ಕಾಣವಲ್ದು, ವೋಲ್ಟೇಜಿಗೆಲ್ಲಾ ಅಲಾರಂ.

ಉತ್ತರ (ಯಾದಗಿರಿ)

127 ಅಂದ್ರ ಆ ಪಿನ್ನಿಗೆ ಥರ್ಮಿಸ್ಟರೇ (ಬಿಸಿ ಅಳೆಯೋ ಬಿಡಿಭಾಗ) ಹಚ್ಚಿಲ್ಲ. /ಇಟಿಸಿ/ಸೆನ್ಸರ್ಸ್.ಡಿ ಒಳಗ ಒಂದು ಫೈಲ್ ಮಾಡಿ, ಸೆನ್ಸರ್ಸ್ -ಯು ತೋರಿಸೋ ಟೆಂಪ್ ನಂಬರಿಗೆ ಇಗ್ನೋರ್ ಬರೀರಿ. ಅಲಾರಂ ಬರೋದು ಕನಿಷ್ಠ-ಗರಿಷ್ಠ ಮಿತಿ ಎರಡೂ 0 ಇರೋದಕ್ಕ, ಬಿಟ್ಟುಬಿಡ್ರಿ. 12 ವೋಲ್ಟ್ ಚಿಪ್ಪಿಗೆ ರೆಸಿಸ್ಟರ್ ಮೂಲಕ ಇಳಿದು ಬರ್ತದ. ಬಯೋಸಿನಾಗ 12.1 ಇದ್ದು ಇಲ್ಲಿ ಇನ್4 ಸಾಲು 1.01 ತೋರಿಸಿದರ ಅದೇ ಫೈಲಿನಾಗ ಕಂಪ್ಯೂಟ್ ಇನ್4 @*12, @/12 ಅಂತ ಬರೀಬೇಕು. ಬ್ಯಾರೆಯವರ ಬೋರ್ಡಿನ ಗುಣಕ ಕಾಪಿ ಹೊಡೀಬ್ಯಾಡ್ರಿ, ನಿಮ್ಮ ಬಯೋಸ್ ಜೋಡಿ ತಾಳೆ ಹಾಕ್ರಿ.

ಫ್ಯಾನ್‌ಕಂಟ್ರೋಲ್ ಬ್ಯಾಡೇ ಬ್ಯಾಡ. ಮ್ಯಾಲೆ ಹೇಳ್ಯಾರಲ್ಲ, ಜಗಳ ಇರೋ ಪೋರ್ಟಿನಾಗ ಓದೋದು ಬ್ಯಾರೆ, ಬರೆಯೋದು ಬ್ಯಾರೆ. ಇಗ್ನೋರ್, ಕಂಪ್ಯೂಟ್ ಚಿಪ್ಪಿಗೆ ಏನೂ ಬರೆಯಂಗಿಲ್ಲ. ಫ್ಯಾನ್‌ಕಂಟ್ರೋಲ್ 10 ಸೆಕೆಂಡಿಗೊಮ್ಮೆ ಪಿಡಬ್ಲ್ಯುಎಂ (ಫ್ಯಾನ್ ವೇಗದ ಅಂಕಿ) ಬರೀತದ, ಅದು ನಡುವ ಸತ್ತರ ಫ್ಯಾನ್ ಕಡೀ ಬೆಲೆಯ ಮ್ಯಾಲೇ ನಿಲ್ಲತದ. ಪಿಡಬ್ಲ್ಯುಎಂ2_ಎನೇಬಲ್ 5 ಇದ್ದರ ಸ್ಮಾರ್ಟ್ ಫ್ಯಾನ್ 4, ಚಿಪ್ ತಾನೇ ನೋಡ್ಕೋತದ. ಅದನ್ನ ಮುಟ್ಟದೆ ಬಯೋಸಿನಾಗ ಕರ್ವ್ (ಯಾವ ಬಿಸಿಗೆ ಎಷ್ಟು ವೇಗ) ತಿದ್ದರಿ: ಖೋಲಿನೇ 42 ಇರುವಾಗ 40ಕ್ಕ ವೇಗ ಏರೋ ಕರ್ವಿಗೆ ಅರ್ಥ ಇಲ್ಲ, 55ರಿಂದ ಏರಿ 80ಕ್ಕ ಪೂರ್ತಿ ಆಗ್ಲಿ.

ನಿಗಾಕ್ಕ ಕ್ರಾನ್‌ನಾಗ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸೋದು) ಸಣ್ಣ ಸ್ಕ್ರಿಪ್ಟ್ ಸಾಕು. ಸೆನ್ಸರ್ ಅಂಕಿ ಇರೋ ಎಚ್‌ಡಬ್ಲ್ಯುಮಾನ್ ಫೋಲ್ಡರಿನ ನಂಬರ್ ಬೂಟಿಗೊಮ್ಮೆ ಬದಲಾಗಬಹುದು, ಅದಕ್ಕ ಪ್ರತಿ ಫೋಲ್ಡರಿನ ನೇಮ್ ಫೈಲ್ ಓದಿ ಎನ್‌ಸಿಟಿ6798 ಯಾವುದು ಅಂತ ಹುಡುಕಿ, ಅದರ ಫ್ಯಾನ್2_ಇನ್‌ಪುಟ್ ತಗೊಳ್ರಿ. ಒಮ್ಮೆ 0 ಬಂದ್ರ ನಂಬಬ್ಯಾಡ್ರಿ, 5 ಸೆಕೆಂಡ್ ಬಿಟ್ಟು ಮತ್ತ ಓದಿ ಮತ್ತೂ 0 ಇದ್ದರ ಮೆಸೇಜ್ ಕಳಿಸ್ಲಿ. ಎನ್‌ಸಿಟಿ6775 ಹೆಸರು ಮಾಡ್ಯೂಲ್ಸ್-ಲೋಡ್.ಡಿ ಒಳಗ ಬರೀದಿದ್ದರ ರೀಬೂಟ್ ಆದ ಮ್ಯಾಲೆ ಎಲ್ಲಾ ಮಾಯ.

ಗಂಜಿನ ಧೂಳಿಗೆ ಆರ್‌ಪಿಎಂ ಒಂದೇ ಸಾಲಂಗಿಲ್ಲ. ಟಿಸಿಟಿಎಲ್‌ನಾಗ ಖೋಲಿಯ ಬಿಸಿ ಕಳೆದು ವ್ಯತ್ಯಾಸ ಬರೆದಿಡ್ರಿ. ಅದೇ ಕೆಲಸ, ಅದೇ ಆರ್‌ಪಿಎಂ ಇದ್ದೂ ವ್ಯತ್ಯಾಸ 10 ಡಿಗ್ರಿ ಏರಿದ್ರ ಹೀಟ್‌ಸಿಂಕಿನ ಸಂದಿನಾಗ ತೊಗರಿ ಹೊಟ್ಟು ಕೂತಿರತದ. ಬ್ಲೋಯರ್ ಹಿಡಿಯುವಾಗ ಫ್ಯಾನ್ ತಿರುಗದಂಗ ಬೆರಳಿಟ್ಟು ಹಿಡೀರಿ.