ಡಬ್ಬಿಯೊಳಗಿನ ಸೂರ್ಯನಿಗೆ ದುಡ್ಡು ಹಾಕೋದಾ?

ಗುಂಪು: ಫಿಸಿಕ್ಸ್ ಹಳೇ ಬ್ಯಾಚು, ಮುಂಬೈ-ಪುಣೆ

ರಮೇಶ (ಡೊಂಬಿವಲಿ): ಮೇಲಿನ ವಿಡಿಯೊ ನೋಡಿದ್ರಾ? ಟೇಬಲ್ ಮೇಲೆ ಕೂರುವ ಫ್ಯೂಷನ್ ಯಂತ್ರ (ಸೂರ್ಯನೊಳಗಿನ ಹಾಗೆ ಪರಮಾಣು ಬೀಜ ಬೆಸೆಯೋದು), ಸೆಕೆಂಡಿಗೆ 10 ಲಕ್ಷ ನ್ಯೂಟ್ರಾನ್. ಕಂಪನಿ ಷೇರುಪೇಟೆಯಲ್ಲಿ ಲಿಸ್ಟ್ ಆಗೋ ಮುಂಚೆನೇ ಷೇರು ಕೊಡ್ತಾರಂತೆ.

ಸುಧಾ (ಕೋಥ್ರೂಡ್): ಅದು ಫ್ಯೂಸರ್, ಹೈವೋಲ್ಟೇಜ್ ತಂತಿ ಬಲೆಯಿಂದ ಅಯಾನುಗಳನ್ನ (ಆವೇಶ ಇರೋ ಪರಮಾಣುಗಳನ್ನ) ಎಳೆದು ಢಿಕ್ಕಿ ಹೊಡೆಸೋ ಡಬ್ಬಿ. ಅಮೆರಿಕದ ಸಂಶೋಧಕ ಫಾರ್ನ್ಸ್‌ವರ್ತ್ 1960ರ ದಶಕದಲ್ಲೇ ಮಾಡಿದ್ದ. 10 ಲಕ್ಷ ನ್ಯೂಟ್ರಾನ್ ನಿಜ ಅಂತಲೇ ಇಟ್ಕೋ. ಡ್ಯೂಟೀರಿಯಂ (ಭಾರದ ಹೈಡ್ರೋಜನ್) ಬೀಜ ಎರಡು ಸೇರಿದಾಗ ಹೆಚ್ಚುಕಮ್ಮಿ ಅರ್ಧ ಸಲ ನ್ಯೂಟ್ರಾನ್, ಇನ್ನರ್ಧ ಸಲ ಟ್ರಿಟಿಯಂ (ಇನ್ನೂ ಭಾರದ ಹೈಡ್ರೋಜನ್). ಅಂದ್ರೆ 20 ಲಕ್ಷ ಸಮ್ಮಿಲನ, ಒಂದಕ್ಕೆ ಸರಾಸರಿ 3.65 ಎಂಇವಿ (ದಶಲಕ್ಷ ಎಲೆಕ್ಟ್ರಾನ್ ವೋಲ್ಟ್) ಶಕ್ತಿ. ಗುಣಿಸಿ ನೋಡು, ಹೊರಬಂದದ್ದು ಒಂದು ಮೈಕ್ರೊವ್ಯಾಟ್ (ವ್ಯಾಟಿನ ಹತ್ತು ಲಕ್ಷದಲ್ಲೊಂದು ಪಾಲು) ಚಿಲ್ಲರೆ. ವಿಡಿಯೊದ ಮೀಟರಿನಲ್ಲಿ 40 ಕಿಲೊವೋಲ್ಟ್, 10 ಮಿಲಿಆಂಪ್ ಕಾಣ್ತಿದೆ. ಒಳಗೆ ಹೋಗಿದ್ದು 400 ವ್ಯಾಟ್!

ರಮೇಶ: ದೊಡ್ಡದು ಮಾಡಿದ್ರೆ?

ವಿಠ್ಠಲ (ಮಾಟುಂಗಾ): ನಷ್ಟಾನೂ ದೊಡ್ಡದಾಗ್ತದ. ಒಳಗಿನ ತಂತಿ ಬಲೆ ಕೆಂಪಗೆ ಕಾದದ್ದು ನೋಡಿದಿಲ್ಲೋ? ಅಯಾನು ಬಡದು ಬಡದು ಹಂಗಾಗಿದ್ದು. ತಂತಿಯಿಂದ ಲೋಹ ಉದುರಿ ಇನ್ಸುಲೇಟರ್ ಮೇಲೆ ಕೂಡ್ತದ, ಆಮೇಲೆ ಕಿಡಿ ಹಾರ್ತದ. ಬಲೆ ತಗದರೂ ಬಿಡಂಗಿಲ್ಲ, ಸೇರೋದಕಿಂತ ಎಷ್ಟೋ ಹೆಚ್ಚು ಸಲ ಅಯಾನುಗಳು ಒಂದಕ್ಕೊಂದು ಢಿಕ್ಕಿಯಾಗಿ ಚದುರ್ತಾವ. ಟಾಡ್ ರೈಡರ್ 1995ರ ಎಂಐಟಿ ಪ್ರಬಂಧದಾಗ ಇದನ್ನ ಹಿಂಜಿ ಹಿಂಜಿ ತೋರ್ಸ್ಯಾನ.

ಅನಿಲ (ಚೆಂಬೂರ್): ಹಾಗಂತ ಟೊಕಮಾಕ್ (ಬಳೆಯಾಕಾರದ ದೊಡ್ಡ ಕಾಂತೀಯ ಫ್ಯೂಷನ್ ಯಂತ್ರ) ಬಿಟ್ಟು ಉಳಿದದ್ದೆಲ್ಲ ಬೋಗಸ್ ಅನ್ಬೇಡಿ ಮಾರಾಯ್ರೆ. ಹೀಲಿಯನ್ ಅನ್ನೋ ಅಮೆರಿಕದ ಫ್ಯೂಷನ್ ಕಂಪನಿ ನೋಡಿ. ಎರಡು ಪ್ಲಾಸ್ಮಾ (ಕಾದು ಅಯಾನಾದ ಗ್ಯಾಸ್) ಉಂಡೆ ಎದುರುಬದುರು ಢಿಕ್ಕಿ ಹೊಡೆಸಿ, ಕಾಂತಕ್ಷೇತ್ರದಲ್ಲಿ ಹಿಸುಕಿ, ಅದು ಹಿಗ್ಗುವಾಗ ಅದೇ ಸುರುಳಿಯಿಂದ ಕರೆಂಟ್ ವಾಪಸ್ ಎಳೀತಾರೆ. ಟರ್ಬೈನ್ ಬೇಡ. ಕರೆಂಟ್ ಕೊಳ್ಳೋಕೆ ಮೈಕ್ರೋಸಾಫ್ಟ್ 2023ರಲ್ಲೇ ಒಪ್ಪಂದ ಮಾಡ್ಕೊಂಡಿದೆ, 2028ಕ್ಕೆ ಶುರು, ಗುರಿ 50 ಮೆಗಾವ್ಯಾಟ್.

ಸುಧಾ: ಒಪ್ಪಂದದಿಂದ ಬಲ್ಬ್ ಉರಿಯಲ್ಲ. ಉಪಾಯ ಜಾಣತನದ್ದೇ, ಒಪ್ತೀನಿ. ಹಾಕಿದ 100ರಲ್ಲಿ 95 ವಾಪಸ್ ಬಂದ್ರೆ ಫ್ಯೂಷನ್ ತುಂಬಬೇಕಾದ ಹಳ್ಳ 5 ಮಾತ್ರ. ಆದ್ರೆ ಸೆಕೆಂಡಿಗೊಂದು ಹೊಡೆತ ಅಂದ್ರೂ ವರ್ಷಕ್ಕೆ 3.15 ಕೋಟಿ. ಕೆಪಾಸಿಟರ್, ಸ್ವಿಚ್ ಅಷ್ಟು ತಾಳ್ಬೇಕು. ನನ್ನ ಚಿಂತೆ ಪ್ಲಾಸ್ಮಾಗಿಂತ ಅದರದ್ದೇ. ಅವರ ಇಂಧನದ ಹೀಲಿಯಂ-3 ಕೂಡ ಡ್ಯೂಟೀರಿಯಂ ಸುಟ್ಟೇ ಮಾಡ್ಕೋಬೇಕು, ಅಲ್ಲಿ ಯಂತ್ರ ಸವೆಸೋ 2.45 ಎಂಇವಿ ನ್ಯೂಟ್ರಾನ್ ತಪ್ಪಿದ್ದಲ್ಲ.

ಅನಿಲ: ನ್ಯೂಟ್ರಾನ್ ತೀರಾ ಕಮ್ಮಿ ಇರೋ ಪ್ರೋಟಾನ್-ಬೋರಾನ್ ಇಂಧನ?

ವಿಠ್ಠಲ: ಬೋರಾನಿಗೆ ಆವೇಶ 5. ಎಕ್ಸ್-ರೇ ಆಗಿ ಸೋರೋ ಶಕ್ತಿ ಆವೇಶದ ವರ್ಗದಂಗ ಏರ್ತದ, ಹೈಡ್ರೋಜನ್ನಿನ 25 ಪಟ್ಟು. ಮುಂದ ಹೇಳೂದೇನದ?

ರಮೇಶ: ಹಂಗಾದ್ರೆ ಈ ಡಬ್ಬಿಯಿಂದ ಏನೂ ಗಿಟ್ಟಲ್ವಾ?

ಅನಿಲ: ಗಿಟ್ಟುತ್ತೆ, ಕರೆಂಟಿನಿಂದ ಅಲ್ಲ. ನ್ಯೂಟ್ರಾನೇ ಸರಕು. ಎಣ್ಣೆ ಬಾವಿ ಪರೀಕ್ಷೆ, ಸಿಮೆಂಟ್ ಕಚ್ಚಾವಸ್ತು ವಿಶ್ಲೇಷಣೆ, ವೈದ್ಯಕೀಯ ಐಸೊಟೋಪು. ಅದನ್ನು ಮಾರ್ತೀವಿ ಅಂದಿದ್ರೆ ನಾನೂ ಬ್ಯಾಲೆನ್ಸ್ ಶೀಟ್ ತರಿಸಿ ನೋಡ್ತಿದ್ದೆ.

ಸುಧಾ: ಅದಕ್ಕೂ ಮೊದಲು ಎಣಿಕೆ ನಂಬೋ ಹಾಗಿರಬೇಕು. ಹೈವೋಲ್ಟೇಜ್ ಕಿಡಿಗೆ ನ್ಯೂಟ್ರಾನ್ ಎಣಿಸೋ ಕೌಂಟರ್ ಸುಮ್ಮನೆ ಟಿಕ್ ಟಿಕ್ ಅನ್ನುತ್ತೆ. ರಮೇಶ, ಒಂದೇ ಪ್ರಶ್ನೆ ಕಳಿಸು: ಅದೇ ವೋಲ್ಟೇಜು, ಅದೇ ಕರೆಂಟು, ಡ್ಯೂಟೀರಿಯಂ ಬದಲು ಸಾದಾ ಹೈಡ್ರೋಜನ್ ತುಂಬಿದಾಗ ಎಣಿಕೆ ಎಷ್ಟು? ಸಾದಾ ಹೈಡ್ರೋಜನ್ನಿಂದ ನ್ಯೂಟ್ರಾನ್ ಬರಲ್ಲ, ಹಾಗಾಗಿ ಹಿನ್ನೆಲೆ ಮಟ್ಟಕ್ಕೆ ಇಳೀಲಿಲ್ಲ ಅಂದ್ರೆ ಅದು ಗದ್ದಲ, ನ್ಯೂಟ್ರಾನ್ ಅಲ್ಲ.

ರಮೇಶ: ಕಳಿಸ್ದೆ.

ರಮೇಶ: ಉತ್ತರ ಬಂತು. ಅದೇ ಬ್ರೋಷರು, ಜೊತೆಗೆ ಬ್ಯಾಂಕ್ ಖಾತೆ ನಂಬರು.