ಕರುಳಿನ ಹೊಲಿಗೆ ಮೇಲೆ ಪ್ಯಾಚ್: ಒತ್ತಡದ ಅಂಕಿ ಒಂದೇ ಥರ ಬರ್ತಿಲ್ಲ

ಕೋಲಾರ_ಪಿಜಿ:
ನಮಸ್ಕಾರ. ಕತ್ತರಿಸಿ ಮತ್ತೆ ಹೊಲಿದ ಕರುಳಿಗೆ ಕೊಲಾಜೆನ್ (ಅಂಗಾಂಶಕ್ಕೆ ಬಲ ಕೊಡುವ ಪ್ರೋಟೀನ್) ಪ್ಯಾಚ್ ಸುತ್ತಿದರೆ ಸೋರಿಕೆ ತಗ್ಗುತ್ತದಾ ಅಂತ ನೋಡಬೇಕು. ಇಲಿಗಳಿಗೆ ಹೋಗುವ ಮೊದಲು ಮಟನ್ ಅಂಗಡಿಯ ಕುರಿ ಕರುಳಿನಲ್ಲಿ ಪರೀಕ್ಷೆ ಮಾಡುತ್ತಿದ್ದೇನೆ. ಒಂದು ತುದಿ ಕಟ್ಟಿ, ಇನ್ನೊಂದರಿಂದ ಮೆಥಿಲಿನ್ ಬ್ಲೂ ಎಂಬ ನೀಲಿ ಬಣ್ಣ ಬೆರೆಸಿದ ಸಲೈನ್ ತುಂಬುತ್ತೇನೆ. ಒಡೆಯುವ ಒತ್ತಡ ಒಮ್ಮೆ ಜಾಸ್ತಿ, ಒಮ್ಮೆ ತೀರಾ ಕಡಿಮೆ. ಪ್ಯಾಚ್ ಕೂಡ ಜಾರುತ್ತದೆ. ಬೇರೆ ಪ್ಯಾಚ್ ತರಿಸಲಾ?

ತುಮಕೂರು_ಲ್ಯಾಬ್:
ಪ್ಯಾಚ್ ಸದ್ಯಕ್ಕೆ ಬಿಡಿ. ಸಲೈನ್ ಪಂಪ್‌ನಲ್ಲಾ, ಕೈಯಲ್ಲಾ? ಕರುಳು ಎಷ್ಟು ಹೊತ್ತಿನದು?

ಕೋಲಾರ_ಪಿಜಿ:
ಕೈಯಲ್ಲೇ ಸರ್, ಸಿರಿಂಜ್. ಬೆಳಗ್ಗೆ ತಂದದ್ದನ್ನು ಕೆಲವೊಮ್ಮೆ ಸಂಜೆ ಬಳಸುತ್ತೇನೆ.

ತುಮಕೂರು_ಲ್ಯಾಬ್:
ಅಲ್ಲೇ ಇದೆ ನೋಡಿ. ಕೈ ಒಮ್ಮೆ ಜೋರು, ಒಮ್ಮೆ ನಿಧಾನ. ಸಿರಿಂಜ್ ಪಂಪ್ ಇಟ್ಟು ವೇಗ ಒಂದೇ ಮಾಡಿ. ಸಲೈನ್‌ನಲ್ಲಿ, ಐಸ್ ಮೇಲೆ ತನ್ನಿ, ಬೇಗ ಮುಗಿಸಿ. ಕರುಳಿನ ಅಗಲವನ್ನೂ ಬರೆದಿಡಿ. ಒತ್ತಡ ಅಷ್ಟೇ ಇದ್ದರೂ ಅಗಲವಾದ ಕೊಳವೆಯ ಗೋಡೆಗೆ ಬೀಳುವ ಎಳೆತ ಜಾಸ್ತಿ. ಅಗಲದ ತುಂಡನ್ನೂ ಸಣ್ಣ ತುಂಡನ್ನೂ ಸುಮ್ನೆ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಅರ್ಥ ಇರಲ್ಲ.

ಮುಖ್ಯವಾಗಿ, ನೀಲಿ ಮೊದಲು ಎಲ್ಲಿ ಕಾಣುತ್ತದೆ ನೋಡಿ. ಸೂಜಿ ತೂತಿನಲ್ಲಾ, ಎರಡು ಹೊಲಿಗೆ ನಡುವೆಯಾ? ಹೊಲಿಗೆಗೆ ಹಿಡಿತ ಕೊಡುವುದು ಸಬ್‌ಮ್ಯೂಕೋಸಾ, ಅಂದರೆ ಕರುಳಿನ ಒಳಪೊರೆಯ ಹಿಂದಿರುವ ಪದರ. ದಾರ ಅದನ್ನು ಹಿಡಿಯದಿದ್ದರೆ ಯಾವ ಪ್ಯಾಚ್ ಬಂದರೂ ಅಷ್ಟೇ. ಪ್ಯಾಚ್ ಕೂರಿಸುವ ಮುನ್ನ ಮೇಲಿನ ಲೋಳೆ, ನೀರು ಒರೆಸಿ. ಪ್ಯಾಕೆಟ್ ಮೇಲೆ ಹೇಳಿದಷ್ಟು ಹೊತ್ತು ಗಾಜ್‌ನಿಂದ ಒತ್ತಿ ಹಿಡಿಯಿರಿ.

ಚಿಂತಾಮಣಿ_ವೆಟ್:
ಒಂದು ಮಾತು ಸೇರಿಸುತ್ತೇನೆ. ಸತ್ತ ಕರುಳು ಹೊಲಿಗೆಯ ಹಿಡಿತ ತೋರಿಸುತ್ತದೆ, ಗಾಯ ಮಾಯುವುದನ್ನಲ್ಲ. ಬದುಕಿರುವ ಪ್ರಾಣಿಯಲ್ಲಿ ಮೊದಲ ಕೆಲವು ದಿನ ಹಳೇ ಕೊಲಾಜೆನ್ ಕರಗುತ್ತದೆ, ಹೊಲಿದ ಜೋಡಣೆ ತೀರಾ ದುರ್ಬಲವಾಗಿರುವುದು ಆ ದಿನಗಳಲ್ಲೇ. ಸುಮಾರು 7ನೇ ದಿನದ ಹೊತ್ತಿಗೆ, ಒತ್ತಡ ಹಾಕಿ ನೋಡಿದರೆ, ಕರುಳು ಜೋಡಣೆ ಬಿಟ್ಟು ಪಕ್ಕದಲ್ಲೇ ಒಡೆಯತೊಡಗುತ್ತದೆ. ಆಮೇಲೆ ಒಡೆಯುವ ಒತ್ತಡ ಅಳೆದು ಪ್ರಯೋಜನ ಕಡಿಮೆ, ಎಳೆದು ಹರಿಯುವ ಬಲ ನೋಡಬೇಕು. ಇನ್ನೊಂದು ಕಷ್ಟ: ಇಲಿಯ ಕರುಳು ಚೆನ್ನಾಗಿ ಮಾಯುತ್ತದೆ. ಸರಿಯಾದ ಹೊಲಿಗೆಗೆ ಪ್ಯಾಚ್ ಹಾಕಿದರೆ ವ್ಯತ್ಯಾಸವೇ ಕಾಣದಿರಬಹುದು. ಅದಕ್ಕೇ ಕೆಲವರು ಬೇಕೆಂದೇ ಹೊಲಿಗೆ ಕಡಿಮೆ ಹಾಕುತ್ತಾರೆ. ಹಾಗೆ ಮಾಡುವುದಾದರೆ ನೋವು ತಗ್ಗಿಸುವುದು, ಯಾವ ಹಂತದಲ್ಲಿ ನಿಲ್ಲಿಸುವುದು, ಎಲ್ಲ ಮೊದಲೇ ಬರೆದು ಕಾಲೇಜಿನ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಪಡೆಯಿರಿ. ಒಮೆಂಟಮ್ (ಹೊಟ್ಟೆಯೊಳಗೆ ಕರುಳಿನ ಮೇಲೆ ಹರಡಿರುವ ಕೊಬ್ಬಿನ ಪೊರೆ) ಜೋಡಣೆಗೆ ಅಂಟಿಕೊಂಡಿದ್ದರೆ ಬಿಡಿಸಿ ಅಳೆದಿರೋ, ಹಾಗೇ ಅಳೆದಿರೋ, ಅದನ್ನೂ ದಾಖಲಿಸಿ.

ಕೋಲಾರ_ಪಿಜಿ:
ಪಕ್ಕದ ಡಿಪಾರ್ಟ್‌ಮೆಂಟಿನ ಪಂಪ್ ಸಿಕ್ಕಿತು. ಅಂಕಿಗಳು ಈಗ ಹತ್ತಿರ ಹತ್ತಿರ ಬರುತ್ತಿವೆ. ಕೆಲವು ತುಂಡುಗಳಲ್ಲಿ ನೀಲಿ ಮೊದಲು ಕಂಡದ್ದು ಜೋಡಣೆಯಲ್ಲಲ್ಲ, ತುದಿ ಕಟ್ಟಿದ ದಾರದ ಪಕ್ಕದಲ್ಲಿ! ಅವನ್ನು ಲೆಕ್ಕದಿಂದ ತೆಗೆಯಲಾ ಸರ್?

ತುಮಕೂರು_ಲ್ಯಾಬ್:
ತೆಗೆಯಿರಿ, ಆದರೆ ಎಷ್ಟು ತೆಗೆದಿರಿ ಅಂತ ವರದಿಯಲ್ಲಿ ಬರೆಯಿರಿ. ತುದಿಗೆ ದಾರ ಎರಡು ಸುತ್ತು ಹಾಕಿ.