ಬಜರ್ ಬಾಯಿಗೆ ಕಾಟನ್ ವೇಸ್ಟ್: ಆಪರೇಟರ್‌ಗೆ ಅರ್ಥವಾಗುವಂತೆ ದೀಪ ಮತ್ತು ಧ್ವನಿ ಸೂಚನೆಗಳನ್ನು ಹೇಗೆ ಕೊಡಬೇಕು?

ಪ್ರಶ್ನೆ (ಭೋಸರಿ, ಪುಣೆ)

ಎಲ್ಲರಿಗೂ ನಮಸ್ಕಾರ. ನಾನು ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕಂಟ್ರೋಲ್ ಪ್ಯಾನಲ್ ತಯಾರಿಸುವ ಸಣ್ಣ ಘಟಕವೊಂದರಲ್ಲಿ ಹನ್ನೊಂದು ವರ್ಷಗಳಿಂದ ವಿನ್ಯಾಸದ ಕೆಲಸ ಮಾಡುತ್ತಿದ್ದೇನೆ. ಕಳೆದ ತಿಂಗಳು, ನಾನೇ ಡ್ರಾಯಿಂಗ್ ಮಾಡಿಕೊಟ್ಟಿದ್ದ ಪ್ಯಾನಲ್ ಒಂದನ್ನು ನೋಡಲು ಚಾಕಣದ ಒಂದು ಪ್ರೆಸ್ ಶಾಪ್‌ಗೆ ಹೋಗಿದ್ದೆ. ಕಾಯಿಲ್ (ಸುರುಳಿ ಸುತ್ತಿದ ತಗಡಿನ ಪಟ್ಟಿ) ಬಿಚ್ಚುವ ಡಿಕಾಯ್ಲರ್, ಪಟ್ಟಿಯನ್ನು ನೇರ ಮಾಡುವ ಸ್ಟ್ರೈಟ್‌ನರ್, ಫೀಡರ್, ಅದರ ಮುಂದೆ ಪಟ್ಟಿಯನ್ನು ಡೈನಲ್ಲಿ (ಅಚ್ಚಿನಲ್ಲಿ) ಒತ್ತಿ ಬಿಡಿಭಾಗ ಮಾಡುವ 160 ಟನ್ನಿನ ಪವರ್ ಪ್ರೆಸ್, ಹೀಗೆ ಒಟ್ಟು 14 ಮೀಟರ್ ಉದ್ದದ ಲೈನ್ ಅದು. ಪ್ಯಾನಲ್ ತಲೆಯ ಮೇಲಿದ್ದ ಬಜರ್‌ನ ಬಾಯಿಗೆ ಯಾರೋ ಕಾಟನ್ ವೇಸ್ಟ್ ತುರುಕಿ, ಅದರ ಮೇಲೆ ಕಪ್ಪು ಇನ್ಸುಲೇಶನ್ ಟೇಪ್ ಎರಡು ಸುತ್ತು ಸುತ್ತಿದ್ದರು. ಟೇಪಿನ ಅಂಚಿಗೆ ಎಣ್ಣೆಯೂ ಧೂಳೂ ಸೇರಿ ಗಟ್ಟಿಯಾಗಿತ್ತು. ಅಂದರೆ ಅದು ನಿನ್ನೆ ಮೊನ್ನೆ ಸುತ್ತಿದ ಟೇಪ್ ಆಗಿರಲಿಲ್ಲ.

ನಾನು ಹೋಗಿದ್ದಕ್ಕೆ ಕಾರಣ ಬೇರೆಯೇ ಇತ್ತು. ಎರಡು ವಾರಗಳ ಹಿಂದೆ ಲೂಬ್ರಿಕೇಶನ್ ಒತ್ತಡ ಕುಸಿದು, ಕೆಂಪು ದೀಪ ಹೊತ್ತಿಕೊಂಡೇ ಇದ್ದರೂ ಪ್ರೆಸ್ ಸುಮಾರು ನಲವತ್ತು ನಿಮಿಷ ಓಡಿ, ಕೊನೆಗೆ ಶಾಫ್ಟ್ ಸುತ್ತಲಿನ ಬುಷ್ ಹಿಡಿದುಕೊಂಡು ನಿಂತಿತು. ಆಪರೇಟರ್ ಗಮನ ಕೊಡಲಿಲ್ಲ ಎಂದು ಅಲ್ಲಿಯವರು ಷರಾ ಬರೆದಿದ್ದಾರೆ. ಆದರೆ ಅದೇ ಕೆಂಪು ದೀಪ ಮತ್ತು ಅದೇ ಬಜರ್ ಕಾಯಿಲ್ ಮುಗಿದರೂ, ಗಾರ್ಡ್ ಬಾಗಿಲು ತೆರೆದರೂ, ಪೀಸ್‌ಗಳ ಎಣಿಕೆ ಪೂರ್ತಿಯಾದರೂ, ಗಾಳಿಯ ಒತ್ತಡ ಕಡಿಮೆಯಾದರೂ ಒಂದೇ ರೀತಿ ಕೂಗುವಂತೆ ವೈರಿಂಗ್ ಮಾಡಿದ್ದು ನಾನು. ಒಂದು ಶಿಫ್ಟಿನಲ್ಲಿ ಅದು ಎಷ್ಟು ಸಲ ಕೂಗಬಹುದೆಂದು ನಾನು ಒಮ್ಮೆಯೂ ಲೆಕ್ಕ ಹಾಕಿರಲಿಲ್ಲ. ಹಾಗಾಗಿ ತಪ್ಪನ್ನು ಆಪರೇಟರ್ ತಲೆಗೆ ಕಟ್ಟಲು ನನಗೆ ಮನಸ್ಸಾಗುತ್ತಿಲ್ಲ.

ಸೌಂಡ್ ಲೆವೆಲ್ ಮೀಟರ್ ಒಂದನ್ನು ಎರವಲು ತಂದು ಅಳೆದಾಗ, ಪ್ರೆಸ್ ಓಡುತ್ತಿರುವಾಗ ಆಪರೇಟರ್ ಕಿವಿಯ ಹತ್ತಿರ 88 ಡೆಸಿಬಲ್ ಸದ್ದಿತ್ತು. ಬಜರ್‌ನ ಮೇಲೆ 1 ಮೀಟರ್ ದೂರದಲ್ಲಿ 90 ಡೆಸಿಬಲ್ ಎಂದು ಬರೆದಿದೆ. ಅದು ಆಪರೇಟರ್‌ನಿಂದ 4 ಮೀಟರ್ ದೂರದಲ್ಲಿದೆ. ಈಗ ಆ ಪ್ಯಾನಲ್ ಅನ್ನು ಹೊಸದಾಗಿ ಮಾಡಿಕೊಡಬೇಕಾಗಿದೆ. ಎಷ್ಟು ಜೋರು ಧ್ವನಿ ಬೇಕು, ಎಷ್ಟು ಬಣ್ಣಗಳು ಬೇಕು, ಯಾವುದಕ್ಕೆ ಧ್ವನಿಯೇ ಬೇಡ ಎಂಬುದನ್ನು ಅನುಭವ ಇರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 (ಠಾಣೆ)

ಮೊದಲು ನಿಮ್ಮ ಲೆಕ್ಕವನ್ನೇ ನೋಡೋಣ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಧ್ವನಿಯ ಮಟ್ಟ 6 ಡೆಸಿಬಲ್ ಇಳಿಯುತ್ತದೆ. 1 ಮೀಟರ್‌ನಲ್ಲಿ 90 ಇದ್ದದ್ದು 2 ಮೀಟರ್‌ನಲ್ಲಿ 84, 4 ಮೀಟರ್‌ನಲ್ಲಿ 78. ಶೆಡ್ಡಿನ ಗೋಡೆ ಮತ್ತು ತಗಡುಗಳ ಪ್ರತಿಧ್ವನಿಯಿಂದ ಸ್ವಲ್ಪ ಹೆಚ್ಚು ಉಳಿದೀತು, ಆದರೂ 88 ಡೆಸಿಬಲ್ ಗದ್ದಲದ ಕೆಳಗೇ ಅದು ಮುಳುಗಿರುತ್ತದೆ. ಅಪಾಯದ ಧ್ವನಿ ಸೂಚನೆಗಳ ಬಗ್ಗೆ ಇರುವ ಐಎಸ್‌ಒ 7731 ಮಾನದಂಡದ ಪ್ರಕಾರ, ಸೂಚನೆಯು ಕೇಳುವವರು ನಿಂತ ಜಾಗದಲ್ಲಿ ಹಿನ್ನೆಲೆ ಸದ್ದಿಗಿಂತ 15 ಡೆಸಿಬಲ್ ಹೆಚ್ಚಿರಬೇಕು. ನಿಮ್ಮಲ್ಲಿ ಅದು 103 ಆಗುತ್ತದೆ. ಇಷ್ಟು ಜೋರಾದದ್ದನ್ನು ಎಣಿಕೆ ಪೂರ್ತಿಯಾದಾಗಲೂ ಕೂಗಿಸಿದರೆ ಯಾರಾದರೂ ಬಟ್ಟೆ ತುರುಕಿಯೇ ತುರುಕುತ್ತಾರೆ. ಅದನ್ನು ಅಶಿಸ್ತು ಎಂದು ನಾನು ಕರೆಯಲಾರೆ.

ಆದರೆ ಜೋರು ಮಾಡುವುದೊಂದೇ ದಾರಿಯಲ್ಲ. ಅದೇ ಮಾನದಂಡ ಧ್ವನಿಯ ಆವೃತ್ತಿಯನ್ನು ಬಿಡಿಸಿ ನೋಡಲು ಅವಕಾಶ ಕೊಡುತ್ತದೆ: ಗದ್ದಲ ಯಾವ ಆವೃತ್ತಿಗಳಲ್ಲಿ ಕಡಿಮೆಯಿದೆಯೋ ಅಲ್ಲಿ ಸೂಚನೆಯನ್ನು ಕೂರಿಸಿದರೆ, ಒಟ್ಟು ಮಟ್ಟ ಅಷ್ಟು ಏರಿಸದೆಯೂ ಅದು ಸ್ಪಷ್ಟವಾಗಿ ಕೇಳಿಸುತ್ತದೆ. ಪ್ಯಾನಲ್ ಮೇಲೆ ನಾವು ಹಾಕುವ ಚಿಕ್ಕ ಪೀಜೋ ಬಜರ್‌ಗಳು ಹೆಚ್ಚಾಗಿ 3,000 ಹರ್ಟ್ಸ್ ಆಸುಪಾಸಿನಲ್ಲಿ ಕಿರುಚುತ್ತವೆ. ಬಿಡಿಭಾಗವನ್ನು ಡೈನಿಂದ ಊದಿ ಹೊರಹಾಕುವ ಏರ್ ಬ್ಲೋ ಸದ್ದೂ ಎತ್ತರದ ಆವೃತ್ತಿಗಳಲ್ಲೇ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ವರ್ಷಗಟ್ಟಲೆ ಗದ್ದಲದಲ್ಲಿ ದುಡಿದವರ ಕಿವಿ ಮೊದಲು ಮಂದವಾಗುವುದು 4,000 ಹರ್ಟ್ಸ್ ಸುತ್ತಮುತ್ತ. ಇಯರ್ ಮಫ್ ಹಾಕಿಕೊಂಡರೆ ಅದು ಮೊದಲು ತಡೆಯುವುದೂ ಎತ್ತರದ ಸ್ವರಗಳನ್ನೇ. ಅಂದರೆ ಇಪ್ಪತ್ತು ವರ್ಷ ಸರ್ವಿಸ್ ಆದ, ನಿಯಮ ಪಾಲಿಸಿ ಮಫ್ ಹಾಕಿಕೊಂಡ ಆಪರೇಟರ್‌ಗೇ ಈ ಬಜರ್ ಎಲ್ಲರಿಗಿಂತ ಕಡಿಮೆ ಕೇಳಿಸುತ್ತದೆ. 500ರಿಂದ 1,500 ಹರ್ಟ್ಸ್ ನಡುವೆ ಎರಡು ಸ್ವರಗಳಲ್ಲಿ ಬದಲಾಗುತ್ತ ಕೂಗುವ ಹೂಟರ್ ತೆಗೆದುಕೊಂಡು, ಅದನ್ನು ಪ್ಯಾನಲ್ ಮೇಲಿಂದ ಇಳಿಸಿ ಆಪರೇಟರ್ ನಿಲ್ಲುವ ಕಡೆಗೆ ತನ್ನಿ. ದೂರವನ್ನು 4 ಮೀಟರ್‌ನಿಂದ 1 ಮೀಟರ್‌ಗೆ ತಂದರೆ ಖರ್ಚಿಲ್ಲದೆ 12 ಡೆಸಿಬಲ್ ಸಿಗುತ್ತದೆ.

ಇನ್ನು ಲೂಬ್ರಿಕೇಶನ್ ವಿಷಯ. ಒತ್ತಡ ಇಲ್ಲದೆ ಪ್ರೆಸ್ ಓಡಲೇಬಾರದು ಎಂದಾದರೆ ಅದನ್ನು ದೀಪಕ್ಕೆ ಬಿಡಬಾರದು. ಪ್ರೆಶರ್ ಸ್ವಿಚ್ ಸ್ಟ್ರೋಕ್ ಅನ್ನೇ ಮೇಲುತುದಿಯಲ್ಲಿ ನಿಲ್ಲಿಸುವಂತೆ ಇಂಟರ್‌ಲಾಕ್ ಕೊಡಬೇಕು. ಮನುಷ್ಯ ಯೋಚಿಸಿ ತೀರ್ಮಾನಿಸಬೇಕಾದ ಕಡೆ ಮಾತ್ರ ಸೂಚನೆಗೆ ಕೆಲಸವಿದೆ. ನಾನು ರಾಸಾಯನಿಕ ಕಾರ್ಖಾನೆಗಳ ಕಂಟ್ರೋಲ್ ರೂಮ್‌ನಲ್ಲಿ ದುಡಿದವನು. ನಮ್ಮ ಕ್ಷೇತ್ರದಲ್ಲಿ ಎಲ್ಲರೂ ನೆನೆಯುವ ಉದಾಹರಣೆ 1994ರ ಜುಲೈನಲ್ಲಿ ವೇಲ್ಸ್‌ನ ಮಿಲ್ಫರ್ಡ್ ಹೇವನ್ ತೈಲ ಶುದ್ಧೀಕರಣಾಗಾರದಲ್ಲಿ ನಡೆದ ಸ್ಫೋಟ. ಸ್ಫೋಟಕ್ಕೆ ಮುಂಚಿನ ಸುಮಾರು 11 ನಿಮಿಷಗಳಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ 275 ಅಲಾರಂ ಬಂದಿದ್ದವು. ಆಮೇಲೆ ಅಲಾರಂ ವ್ಯವಸ್ಥೆಗೆಂದೇ ಬಂದ ಇಇಎಮ್‌ಯುಎ 191 ಎಂಬ ಮಾರ್ಗದರ್ಶಿಯು, ಎಲ್ಲ ಸರಿಯಾಗಿ ನಡೆಯುತ್ತಿರುವಾಗ ಒಬ್ಬ ಆಪರೇಟರ್‌ಗೆ ಸರಾಸರಿ 10 ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ಅಲಾರಂ ಬರಬಾರದು ಎನ್ನುತ್ತದೆ. ಪ್ರೆಸ್ ಶಾಪ್‌ಗೆ ಅದನ್ನು ಹಾಗೆಯೇ ಹೊಂದಿಸಲಾಗದಿದ್ದರೂ, ನಿಮ್ಮ ಪಿಎಲ್‌ಸಿಯಲ್ಲಿ (ಯಂತ್ರವನ್ನು ನಡೆಸುವ ಕಂಟ್ರೋಲರ್‌ನಲ್ಲಿ) ಒಂದು ಕೌಂಟರ್ ಹಾಕಿ ಒಂದು ವಾರ ಎಣಿಸಿ ನೋಡಿ. ಪ್ರತಿಯೊಂದು ಸೂಚನೆಯ ಎದುರಿಗೂ ‘ಇದು ಬಂದಾಗ ಆಪರೇಟರ್ ಏನು ಮಾಡಬೇಕು’ ಎಂದು ಬರೆಯಲು ಕುಳಿತುಕೊಳ್ಳಿ. ಏನೂ ಬರೆಯಲು ತೋಚದಿದ್ದರೆ ಆ ಸೂಚನೆಯ ಧ್ವನಿಯನ್ನು ತೆಗೆದುಬಿಡಿ.

ಉತ್ತರ 2 (ವೆರ್ಣಾ, ಗೋವಾ)

ಧ್ವನಿಯ ಬಗ್ಗೆ ಠಾಣೆಯ ಹಿರಿಯರು ಹೇಳಿದ್ದಾರೆ; ನಾನು ಮೇಂಟೆನೆನ್ಸ್ ವಿಭಾಗದವನಾಗಿ ದೀಪಗಳ ಬಗ್ಗೆ ಮಾತ್ರ ಬರೆಯುತ್ತೇನೆ. ಒಂದರ ಮೇಲೊಂದು ದೀಪ ಜೋಡಿಸಿದ ಟವರ್ ಲ್ಯಾಂಪ್‌ನ ಬಣ್ಣಗಳಿಗೆ ಐಇಸಿ 60204-1 ಮಾನದಂಡದಲ್ಲಿ ಅರ್ಥ ನಿಗದಿಯಾಗಿದೆ: ಕೆಂಪು ಎಂದರೆ ಅಪಾಯ, ಹಳದಿ ಎಂದರೆ ಏನೋ ಹದ ತಪ್ಪುತ್ತಿದೆ, ನೀಲಿ ಎಂದರೆ ಆಪರೇಟರ್ ಈಗ ಒಂದು ಕೆಲಸ ಮಾಡಲೇಬೇಕು, ಹಸಿರು ಎಂದರೆ ಎಲ್ಲ ಸರಿಯಿದೆ. ಮೇಲಿನಿಂದ ಕೆಳಕ್ಕೆ ಇದೇ ಕ್ರಮದಲ್ಲಿ ಜೋಡಿಸಬೇಕು, ಬಿಳಿ ಇದ್ದರೆ ಕೊನೆಗೆ ಬರುತ್ತದೆ. ನಮ್ಮಲ್ಲಿ ನೀಲಿಯನ್ನು ಯಾರೂ ಕೇಳುವುದೇ ಇಲ್ಲ. ಕಾಯಿಲ್ ಮುಗಿದಿದೆ, ಹೊಸದನ್ನು ಹಾಕಿ ಎಂದು ಹೇಳಲು ಹೇಳಿ ಮಾಡಿಸಿದ ಬಣ್ಣ ಅದು. ಅದನ್ನು ಬಿಟ್ಟು ಕಾಯಿಲ್ ಮುಗಿದದ್ದಕ್ಕೂ ಕೆಂಪನ್ನೇ ಹೊತ್ತಿಸಿದರೆ, ನಿಜವಾಗಿ ಕೆಂಪು ಬೇಕಾದ ದಿನ ಯಾರೂ ತಲೆ ಎತ್ತಿ ನೋಡುವುದಿಲ್ಲ.

ಕ್ರಮ ಯಾಕೆ ಮುಖ್ಯವೆಂದರೆ, ಎಲ್ಲರಿಗೂ ಕೆಂಪು ಮತ್ತು ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ. ಬಣ್ಣಗುರುಡು ಗಂಡಸರಲ್ಲಿ ಹೆಚ್ಚು, ಮತ್ತು ತನಗೆ ಅದಿದೆ ಎಂದು ತಿಳಿಯದೆಯೇ ಎಷ್ಟೋ ಜನ ಕೆಲಸಕ್ಕೆ ಸೇರಿರುತ್ತಾರೆ. ನಮ್ಮ ಪ್ಯಾಕಿಂಗ್ ಲೈನ್‌ನಲ್ಲಿ ಒಬ್ಬ ಒಳ್ಳೆಯ ಆಪರೇಟರ್ ಹುಡುಗ ದೀಪ ಹೊತ್ತಿದ ಮೇಲೆ ಒಂದು ಕ್ಷಣ ತಡೆದು ನೋಡುತ್ತಿದ್ದುದನ್ನು ಗಮನಿಸಿ ಕೇಳಿದಾಗ, ತಾನು ನೋಡುವುದು ಬಣ್ಣವನ್ನಲ್ಲ, ಮೇಲಿನದೋ ಕೆಳಗಿನದೋ ಎಂಬುದನ್ನು ಎಂದ. ಬೇರೆ ಯಂತ್ರವೊಂದರಲ್ಲಿ ಲ್ಯಾಂಪ್ ಬದಲಿಸುವಾಗ ಯಾರೋ ಹಸಿರನ್ನು ಮೇಲೆ ಕೂರಿಸಿದ್ದರಂತೆ. ಅಂದಿನಿಂದ ನಾವು ಅಪಾಯದ ದೀಪವನ್ನು ಸೆಕೆಂಡಿಗೆ ಎರಡು ಸಲ ಮಿನುಗಿಸುತ್ತೇವೆ, ಉಳಿದವನ್ನು ಸ್ಥಿರವಾಗಿ ಉರಿಸುತ್ತೇವೆ. ಬಣ್ಣ ತಿಳಿಯದವರಿಗೂ ಮಿನುಗು ತಿಳಿಯುತ್ತದೆ.

ಇನ್ನೊಂದು ವಿಷಯ ಡ್ರಾಯಿಂಗ್ ಮೇಜಿನ ಮೇಲೆ ಕಾಣಿಸುವುದಿಲ್ಲ. ನಮ್ಮ ಶೆಡ್ಡಿನ ಚಾವಣಿಯಲ್ಲಿ ಬೆಳಕಿಗೆಂದು ಪಾರದರ್ಶಕ ಶೀಟುಗಳಿವೆ. ಮಳೆಗಾಲ ಮುಗಿದ ಮೇಲೆ ಮಧ್ಯಾಹ್ನ ನಾಲ್ಕರ ಬಿಸಿಲು ಓರೆಯಾಗಿ ಲ್ಯಾಂಪ್ ಮೇಲೆ ಬಿದ್ದಾಗ ಮೂರೂ ಬಣ್ಣಗಳು ಹೊತ್ತಿರುವಂತೆಯೇ ಕಾಣುತ್ತವೆ. ಕೊನೆಗೆ ನಾವೇ ತಗಡಿನ ಮರೆ ಮಾಡಿ ಹಾಕಿದೆವು, ಕಂಬವನ್ನು ಒಂದೂವರೆ ಅಡಿ ಇಳಿಸಿದೆವು. ನಿಮ್ಮ ಲೈನ್‌ನಲ್ಲಿ ಡಿಕಾಯ್ಲರ್ ಹಿಂದೆ ನಿಂತವರಿಗೆ ಪ್ರೆಸ್ ಕಾಣುವುದಿಲ್ಲ ಎಂದಾದರೆ, ಯಂತ್ರ ಶುರುವಾಗುವ ಮುನ್ನ ಕೆಲವು ಸೆಕೆಂಡ್ ಎಚ್ಚರಿಕೆ ಕೊಟ್ಟು ಆಮೇಲಷ್ಟೇ ಓಡುವಂತೆ ಮಾಡಿ, ಅಲ್ಲೊಂದು ಎರಡನೆಯ ದೀಪವನ್ನೂ ಇಡಿ.

ದೀಪ ಏನನ್ನು ಹೇಳುತ್ತದೆ ಎಂಬುದನ್ನೂ ನೋಡಿಕೊಳ್ಳಿ. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ವಾಲ್ವ್ ಒಂದು ತೆರೆದೇ ಉಳಿದಿತ್ತು, ಆದರೆ ಪ್ಯಾನಲ್ ದೀಪ ನೋಡಿದವರು ಅದು ಮುಚ್ಚಿದೆ ಎಂದುಕೊಂಡರು. ಆ ದೀಪವನ್ನು ಜೋಡಿಸಿದ್ದು ವಾಲ್ವ್‌ಗೆ ಹೋಗುವ ವಿದ್ಯುತ್ ಆದೇಶಕ್ಕೇ ಹೊರತು ವಾಲ್ವ್‌ನ ನಿಜವಾದ ಸ್ಥಿತಿಗಲ್ಲ. ‘ಲೂಬ್ ಪಂಪ್ ಆನ್’ ದೀಪವನ್ನು ನಾವೆಲ್ಲ ಪಂಪ್‌ಗೆ ವಿದ್ಯುತ್ ಕೊಡುವ ಕಾಂಟ್ಯಾಕ್ಟರ್‌ನಿಂದ ಕೊಡುತ್ತೇವಲ್ಲ, ಅದೂ ಇದೇ ತಪ್ಪು. ಎಣ್ಣೆ ಬೇರಿಂಗ್ ತಲುಪಿದೆಯೇ ಎಂಬುದನ್ನು ಕೊನೆಯ ತುದಿಯ ಪ್ರೆಶರ್ ಸ್ವಿಚ್ಚೇ ಹೇಳಬೇಕು.

ಉತ್ತರ 3 (ಚಾಕಣ)

ನಮಸ್ಕಾರ ಸರ್. ನಾನು ಇಂಡಿ ತಾಲೂಕಿನವನು, ಒಂಬತ್ತು ವರ್ಷಗಳಿಂದ ಇಲ್ಲಿ ಪ್ರೆಸ್ ಆಪರೇಟರ್. ನೀವು ಹೇಳಿದ ಕಂಪನಿ ನಮ್ಮದಲ್ಲ, ಆದರೆ ಕಾಟನ್ ವೇಸ್ಟ್ ತುರುಕುವ ಕೆಲಸವನ್ನು ನಾನೂ ಮಾಡಿದ್ದೇನೆ. ಬಜರ್ ಕೂಗತೊಡಗಿದರೆ ಅದನ್ನು ನಿಲ್ಲಿಸಲು ಪ್ಯಾನಲ್‌ವರೆಗೆ ನಡೆದು ಹೋಗಬೇಕಿತ್ತು, ಹೋಗಿ ಬರುವಷ್ಟರಲ್ಲಿ ಹತ್ತು ಪೀಸ್ ಹಿಂದೆ ಬೀಳುತ್ತಿದ್ದೆವು. ಸದ್ದು ನಿಲ್ಲಿಸುವ ಬಟನ್ ನಮ್ಮ ಕೈಗೆಟಕುವ ಹಾಗೆ ಪ್ರೆಸ್ ಓಡಿಸಲು ಎರಡೂ ಕೈಯಿಂದ ಒತ್ತುವ ಬಟನ್‌ಗಳ ಸ್ಟ್ಯಾಂಡ್ ಮೇಲೆಯೇ ಇರಲಿ. ಅದನ್ನು ಒತ್ತಿದರೆ ಸದ್ದು ಮಾತ್ರ ನಿಲ್ಲಲಿ, ದೋಷ ಸರಿಯಾಗುವವರೆಗೆ ದೀಪ ಹೊತ್ತಿರಲಿ, ಐದು ನಿಮಿಷದಲ್ಲಿ ಸರಿಯಾಗದಿದ್ದರೆ ಮತ್ತೆ ಕೂಗಲಿ.

ಎರಡನೆಯದು, ಸ್ಕ್ರೀನ್ ಮೇಲಿನ ಬರಹ. ನಮ್ಮ ಯಂತ್ರದಲ್ಲಿ ‘ಫಾಲ್ಟ್ 37’ ಎಂದು ಇಂಗ್ಲಿಷಿನಲ್ಲಿ ಬರುತ್ತದೆ, ಅದರ ಅರ್ಥ ಇರುವ ಪುಸ್ತಕ ಆಫೀಸಿನ ಬೀರುವಿನಲ್ಲಿದೆ. ಒಂದು ತೊಂದರೆಗೆ ನಾಲ್ಕೈದು ಫಾಲ್ಟ್ ಒಟ್ಟಿಗೆ ಬಂದಾಗ ಮೊದಲು ಬಂದದ್ದು ಯಾವುದು ಎಂದೇ ತಿಳಿಯುವುದಿಲ್ಲ. ಮೊದಲು ಬಂದದ್ದನ್ನು ಮೇಲೆ ಹಿಡಿದಿಟ್ಟು ತೋರಿಸಿದರೆ ಅರ್ಧ ಕೆಲಸ ಆದಂತೆ. ನಮ್ಮ ಶಾಪ್‌ನಲ್ಲಿ ಬಿಹಾರದವರಿದ್ದಾರೆ, ಲಾತೂರಿನವರಿದ್ದಾರೆ, ನಾವು ವಿಜಯಪುರ, ಕಲಬುರಗಿ ಕಡೆಯವರಿದ್ದೇವೆ. ಮರಾಠಿಯಲ್ಲಿ ‘ತೇಲ್ ಸಂಪಲೆ’ (ಎಣ್ಣೆ ಮುಗಿದಿದೆ) ಎಂದು ಬರೆದು, ಪಕ್ಕದಲ್ಲಿ ಎಣ್ಣೆ ಡಬ್ಬಿಯ ಚಿತ್ರ ಹಾಕಿದರೆ ಎಲ್ಲರಿಗೂ ತಿಳಿಯುತ್ತದೆ.

ಒಂದು ಮಾತು ಹೇಳಲೇಬೇಕು. ನಾವು ಯಂತ್ರವನ್ನು ನೋಡುವುದಕ್ಕಿಂತ ಹೆಚ್ಚಾಗಿ ಕೇಳುತ್ತೇವೆ. ಡೈ ಮೊಂಡಾಗಿದ್ದರೆ ಪೆಟ್ಟಿನ ಸದ್ದು ಬದಲಾಗುತ್ತದೆ, ಸ್ಕ್ರಾಪ್ ಸಿಕ್ಕಿಕೊಂಡರೆ ಕಾಲಿನ ಕೆಳಗಿನ ನೆಲಕ್ಕೆ ಗೊತ್ತಾಗುತ್ತದೆ. ಬೇಡದ ಬಜರ್ ಬಡಿದುಕೊಳ್ಳುತ್ತಿದ್ದರೆ ಆ ಸದ್ದು ನಮಗೆ ಸಿಗುವುದಿಲ್ಲ. ಕಾಟನ್ ತುರುಕಿದ್ದು ಅದಕ್ಕೂ ಹೌದು.

ಪ್ರಶ್ನೆ ಕೇಳಿದವರು (ಭೋಸರಿ, ಪುಣೆ)

ಮೂವರಿಗೂ ಧನ್ಯವಾದಗಳು. ಚಾಕಣದ ಅಣ್ಣನವರ ಕೊನೆಯ ಮಾತನ್ನು ಹನ್ನೊಂದು ವರ್ಷಗಳಲ್ಲಿ ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಠಾಣೆಯ ಸರ್ ಹೇಳಿದಂತೆ ಪಿಎಲ್‌ಸಿಯಲ್ಲಿ ಕೌಂಟರ್ ಹಾಕಿದೆ. ಆರು ದಿನಗಳಲ್ಲಿ ಬಜರ್ 412 ಸಲ ಕೂಗಿತ್ತು. ಅದರಲ್ಲಿ 340 ಸಲ ಎಣಿಕೆ ಪೂರ್ತಿಯಾದದ್ದಕ್ಕೆ ಮತ್ತು ಗಾರ್ಡ್ ಬಾಗಿಲಿಗೆ. ಬಾಗಿಲು ತೆರೆದವರಿಗೆ ತೆರೆದಿದ್ದೇವೆ ಎಂಬುದು ಗೊತ್ತೇ ಇರುತ್ತದೆ, ಯಂತ್ರ ಹೇಗೂ ಓಡುವುದಿಲ್ಲ, ಹಾಗಾಗಿ ಆ ಎರಡರ ಧ್ವನಿಯನ್ನು ತೆಗೆದಿದ್ದೇನೆ. ಲೂಬ್ರಿಕೇಶನ್ ಕುಸಿದರೆ ಈಗ ಪ್ರೆಸ್ ಮೇಲುತುದಿಯಲ್ಲಿ ನಿಲ್ಲುತ್ತದೆ, ಸ್ವಿಚ್ ಕೊನೆಯ ಬೇರಿಂಗ್‌ನ ಲೈನ್‌ನಲ್ಲಿದೆ. ಕಾಯಿಲ್‌ಗೆ ನೀಲಿ ದೀಪ ಮತ್ತು ಒಂದೇ ಒಂದು ಚಿಕ್ಕ ಸದ್ದು, ಗಾಳಿಯ ಒತ್ತಡಕ್ಕೆ ಹಳದಿ ಮಾತ್ರ. ಎರಡು ಸ್ವರದ ಹೂಟರ್ ತುರ್ತಿಗಷ್ಟೇ ಉಳಿದಿದೆ. ಅದನ್ನೂ ಸದ್ದು ನಿಲ್ಲಿಸುವ ಬಟನ್ ಅನ್ನೂ ಆಪರೇಟರ್ ಸ್ಟ್ಯಾಂಡ್‌ಗೆ ತಂದಿದ್ದೇವೆ.

ಬರುವ ಗುರುವಾರ ಪ್ಯಾನಲ್ ಕೂರಿಸುತ್ತೇವೆ. ಆಪರೇಟರ್‌ಗಳು ಮಫ್ ಹಾಕಿಕೊಂಡು, ಏರ್ ಬ್ಲೋ ಓಡುತ್ತಿರುವಾಗಲೇ ಹೂಟರ್ ಕೇಳಿ ಸರಿಯಿದೆ ಎಂದ ಮೇಲೆ ನಾನು ಅಲ್ಲಿಂದ ಹೊರಡುತ್ತೇನೆ. ಚಾಕಣದ ಅಣ್ಣನವರಿಗೆ ಅಂದು ವಾರದ ರಜೆ ಇದ್ದು ಬರಲು ಸಾಧ್ಯವಾದರೆ ದಯವಿಟ್ಟು ಇಲ್ಲಿ ತಿಳಿಸಿ. ಒಳಗೆ ಬಿಡಲು ಗೇಟಿನಲ್ಲಿ ಹೇಳಿಡುತ್ತೇನೆ.